ಹಾಸನದಲ್ಲಿ ಎರಡೂವರೆ ಸಾವಿರಕ್ಕೆ ಗಿಡದ ಅಕ್ವೇರಿಯಂ: ಗಾಜಿನಂಗಡಿ ಟ್ಯಾಂಕಿಗೆ ಪೂರ್ತಿ ಮಾರ್ಕ್ಸ್

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಚಿಕ್ಕದೊಂದು ಗಿಡದ ಅಕ್ವೇರಿಯಂ ಇಡಬೇಕು ಅಂತಿದ್ದರೆ ಡಬ್ಬದ ಸಮೇತ ಸಿಗುವ ರೆಡಿಮೇಡ್ ಸೆಟ್ ತಗೋಬೇಡಿ. ಗಾಜಿನ ಅಂಗಡಿಗೆ ಹೋಗಿ, ಅಳತೆ ಕೊಟ್ಟು, ಟ್ಯಾಂಕ್ ಮಾಡಿಸಿ. ಉಳಿದ ದುಡ್ಡನ್ನೆಲ್ಲ ಗಿಡಕ್ಕೆ ಹಾಕಿ. ನನ್ನ ಟ್ಯಾಂಕ್ ಹಾಗೇ ಆಗಿದ್ದು, ಮೀನೂ ಸೇರಿ ಎರಡೂವರೆ ಸಾವಿರದ ಆಸುಪಾಸು ಖರ್ಚು. ಇವತ್ತು ಮನೆಗೆ ಬಂದವರು ಟಿ.ವಿ. ಬಿಟ್ಟು ಅದರ ಮುಂದೆ ಕೂರುತ್ತಾರೆ.

ರೆಡಿಮೇಡ್ ಸೆಟ್ಟಿನ ಬಗ್ಗೆ ಎರಡು ಮಾತು. ಅಂಗಡಿಯಲ್ಲಿ ನಾಲ್ಕು ಸಾವಿರದಿಂದ ಶುರು ಅಂದರು. ಮುಂದಿನ ಗಾಜು ಬಾಗಿರುತ್ತೆ, ಮುಚ್ಚಳದಲ್ಲೇ ಲೈಟು, ಹಿಂದೆ ಸಣ್ಣ ಮೋಟರ್. ನೋಡೋಕೆ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಅದರಲ್ಲಿ ಹಿಡಿಯುವ ನೀರು ಹತ್ತು-ಹನ್ನೆರಡು ಲೀಟರ್ ಅಷ್ಟೇ. ನೀರು ಕಮ್ಮಿ ಇದ್ದಷ್ಟೂ ಬೇಗ ಕೆಡುತ್ತದೆ, ಒಂದು ದಿನ ಊಟ ಸ್ವಲ್ಪ ಜಾಸ್ತಿ ಬಿದ್ದರೂ ಮಾರನೇ ದಿನ ಬೆಳಿಗ್ಗೆ ನೀರು ಮಬ್ಬಾಗಿರುತ್ತದೆ. ಲೈಟು ನೀಲಿ ಬಣ್ಣದ್ದು. ಮೀನು ಹೊಳೆಯುತ್ತದೆ, ಗಿಡ ಬೆಳೆಯಲ್ಲ. ಹೊಸಬರಿಗೆ ಚಿಕ್ಕ ಟ್ಯಾಂಕ್ ಸುಲಭ ಅನ್ನೋದು ಎಲ್ಲರೂ ಹೇಳುವ ಮಾತು. ನಿಜ ಅಂದರೆ ಉಲ್ಟಾ.

ಈಗ ಗಾಜಿನಂಗಡಿ. ಬಿ.ಎಂ. ರಸ್ತೆ ಕಡೆ ಕಿಟಕಿ, ಶೋಕೇಸಿಗೆಲ್ಲ ಗಾಜು ಕತ್ತರಿಸಿ ಕೊಡುವವರು. ಮೀನಿನ ತೊಟ್ಟಿ ಅವರ ಮುಖ್ಯ ಕೆಲಸ ಅಲ್ಲ, ಕೇಳಿದರೆ ಮಾಡಿಕೊಡುತ್ತಾರೆ. ನಾನು ಕೊಟ್ಟ ಅಳತೆ ಹದಿನೆಂಟು ಇಂಚು ಉದ್ದ, ಹನ್ನೆರಡು ಅಗಲ, ಹನ್ನೆರಡು ಎತ್ತರ, 5 ಎಂ.ಎಂ. ಗಾಜು. ಲೆಕ್ಕದಲ್ಲಿ 42 ಲೀಟರ್ ಬರುತ್ತೆ. ಮಣ್ಣು, ಮರಳು, ಮೇಲಿನ ಒಂದಿಂಚು ಖಾಲಿ ಜಾಗ ಕಳೆದರೆ ನೀರು ಮೂವತ್ತು ಲೀಟರ್ ಅನ್ನಿ. ಈ ಅಳತೆಗೆ 5 ಎಂ.ಎಂ. ಸಾಕು. ಎರಡು ಅಡಿ ಮೇಲೆ ಹೋಗೋದಾದರೆ ದಪ್ಪ ಗಾಜು ಕೇಳಿ.

ಒಂದು ವಿಷಯ ಮಾತ್ರ ಕಡ್ಡಾಯವಾಗಿ ಕೇಳಬೇಕು: ಗಾಜು ಅಂಟಿಸೋಕೆ ಯಾವ ಸಿಲಿಕಾನ್ ಹಾಕುತ್ತೀರಿ ಅಂತ. ಬಾತ್‌ರೂಮಿಗೆ ಅಂತಲೇ ಬರುವ, ಬೂಷ್ಟು ಹಿಡಿಯದ ಸಿಲಿಕಾನ್ ಬೇಡವೇ ಬೇಡ. ಅದರಲ್ಲಿ ಬೂಷ್ಟು ಸಾಯಿಸುವ ಮದ್ದು ಇರುತ್ತೆ, ಅದು ನೀರಿಗೆ ಬಿಟ್ಟರೆ ಮೀನಿಗೂ ವಿಷ. ಗಾಜಿಗೆ ಹಾಕುವ ಸಾದಾ ಸಿಲಿಕಾನ್ ಸಾಕು. ನಾನು ಕೇಳಿದ್ದಕ್ಕೆ ಅಂಗಡಿಯವರು ಟ್ಯೂಬ್ ತಂದು ಕೈಗೇ ಕೊಟ್ಟರು, "ಓದ್ಕೊಳಿ ಸಾರ್, ಇದು ಮಾಮೂಲಿದು" ಅಂದರು. ಅವರು ಕೆಲಸ ಮಾಡೋದು ನೋಡಬೇಕು ನೀವು. ಪ್ರತಿ ಮೂಲೆಯ ಎರಡೂ ಕಡೆ ಪೇಪರ್ ಟೇಪ್ ಅಂಟಿಸಿ, ನಡುವೆ ಸಿಲಿಕಾನ್ ಬಿಟ್ಟು, ಬೆರಳನ್ನು ನೀರಿಗೆ ಅದ್ದಿ ಮೇಲಿಂದ ಕೆಳಗೆ ಒಂದೇ ಸಲ ಎಳೆದರು. ಮತ್ತೆ ಮುಟ್ಟಲಿಲ್ಲ. ಹಸಿ ಇರುವಾಗಲೇ ಟೇಪ್ ಕಿತ್ತರೆ ಪೆನ್ಸಿಲ್ ಗೆರೆ ಥರ ನೇರ ಅಂಚು. ಬಾಯಿಯ ಅಂಚನ್ನೂ ಉಜ್ಜಿಕೊಟ್ಟರು, ಕೈ ಕೊಯ್ಯಲ್ಲ.

ಮುಚ್ಚಳದ ಗಾಜೂ ಸೇರಿ 950 ರೂಪಾಯಿ. ಮನೆಗೆ ತಂದಮೇಲೆ ಸಿಲಿಕಾನಿನ ವಿನೆಗರ್ ಥರದ ವಾಸನೆ ಪೂರ್ತಿ ಹೋಗುವವರೆಗೆ ಬಿಡಿ. ಆಮೇಲೆ ಹಜಾರದಲ್ಲಿ ಹಳೇ ಪೇಪರ್ ಹಾಸಿ, ಅದರ ಮೇಲೆ ಟ್ಯಾಂಕ್ ಇಟ್ಟು, ನೀರು ತುಂಬಿ, ಒಂದು ರಾತ್ರಿ ಬಿಡಿ. ಸೋರಿದರೆ ಪೇಪರ್ ಒದ್ದೆಯಾಗಿ ಗೊತ್ತಾಗುತ್ತೆ. ಅಂದಹಾಗೆ ತುಂಬಿದ ಟ್ಯಾಂಕ್ ಐವತ್ತು ಕೆ.ಜಿ. ದಾಟುತ್ತದೆ, ತೆಳು ಪ್ಲೈವುಡ್ಡಿನ ಟಿ.ವಿ. ಸ್ಟ್ಯಾಂಡ್ ತಡೆಯಲ್ಲ. ಗಟ್ಟಿ ಮೇಜು ಇರಲಿ, ಕೆಳಗೆ ಥರ್ಮಾಕೋಲ್ ಹಾಳೆ ಇರಲಿ.

ಮಣ್ಣಿನ ವಿಷಯದಲ್ಲಿ ದುಡ್ಡು ಉಳಿಯೋದು ಜಾಸ್ತಿ. ಅಕ್ವೇರಿಯಂ ಸಾಯಿಲ್ ಅಂತ ಹೊರದೇಶದಿಂದ ಬರುವ ಕರಿ ಗುಳಿಗೆ ಮಣ್ಣಿಗೆ ಈ ಟ್ಯಾಂಕಿನಷ್ಟೇ ದುಡ್ಡಾಗುತ್ತದೆ. ಬೇಡ. ಗೊಬ್ಬರ ಹಾಕದ ಜಾಗದ ಮಾಮೂಲಿ ಮಣ್ಣು ತಂದು, ಜರಡಿ ಹಿಡಿದು, ಬಕೆಟ್ಟಲ್ಲಿ ನೆನೆಹಾಕಿ, ಮೇಲೆ ತೇಲುವ ಬೇರು-ಕಡ್ಡಿ ಚೆಲ್ಲಿ, ಬಿಸಿಲಿಗೆ ಒಣಗಿಸಿ. ಇದನ್ನೇ ಮತ್ತೊಂದು ಸಲ ಮಾಡಿದರೆ ಇನ್ನೂ ಒಳ್ಳೆಯದು. ತೊಟ್ಟಿಯ ತಳಕ್ಕೆ ಒಂದಿಂಚು ಈ ಮಣ್ಣು, ಅದರ ಮೇಲೆ ಒಂದೂಕಾಲು ಇಂಚು ಮರಳು. ಮರಳು ಮುಚ್ಚಳ ಇದ್ದ ಹಾಗೆ, ಮಣ್ಣು ಮೇಲೆದ್ದು ನೀರು ಕದಡದಂತೆ ಹಿಡಿದಿಡುತ್ತದೆ. ಕೊಟ್ಟಿಗೆ ಗೊಬ್ಬರ, ಯೂರಿಯಾ, ಡಿ.ಎ.ಪಿ. ಬೆರೆತ ನರ್ಸರಿ ಮಣ್ಣು ಹಾಕಿದರೆ ಅಮೋನಿಯಾ ಏರಿ ಏನೂ ಬದುಕಲ್ಲ.

ನಮ್ಮ ಕಡೆಯವರು ಇದೊಂದನ್ನು ಗಮನ ಇಟ್ಟು ಓದಿ. ಸಕಲೇಶಪುರ, ಮೂಡಿಗೆರೆ ಕಡೆ ನೆಂಟರ ತೋಟ ಇದೆ, ಅಲ್ಲಿಂದ ಒಂದು ಚೀಲ ಮಣ್ಣು ತಂದರೆ ಆಯ್ತು ಅಂತ ಯಾರಿಗಾದರೂ ಅನಿಸುತ್ತೆ, ಅಲ್ವಾ? ಕಾಫಿ ಗಿಡಕ್ಕೂ ಅಡಿಕೆಗೂ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದು ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತ ಅಂದರೆ ತಾಮ್ರ. ವರ್ಷಾವರ್ಷ ಹೊಡೆದ ತೋಟದ ಮೇಲ್ಮಣ್ಣಲ್ಲಿ ಆ ತಾಮ್ರ ಕೂತಿರುತ್ತದೆ. ಸಿಗಡಿಗೂ ಬಸವನಹುಳಕ್ಕೂ ತಾಮ್ರ ಚೂರು ಸೇರಿದರೂ ಆಗಲ್ಲ. ಅದಕ್ಕೇ ತೋಟದೊಳಗಿನ ಮಣ್ಣು ಬೇಡ, ಔಷಧಿ ಹೊಡೆಯದ ಹಿತ್ತಲಿನ ಮಣ್ಣು ತನ್ನಿ.

ನದಿ ಮರಳು ಸಿಗೋದು ಕಷ್ಟ, ಸಿಕ್ಕಿದ್ದು ಎಂ-ಸ್ಯಾಂಡ್. ಅದು ಕಲ್ಲು ಪುಡಿ ಮಾಡಿದ್ದು, ಧೂಳು ಜಾಸ್ತಿ. ನೀರು ತಿಳಿಯಾಗಿ ಹರಿಯುವವರೆಗೆ ತೊಳೆಯಲೇಬೇಕು. ಯಾವ ಮರಳು ತಂದರೂ ಒಂದು ಚಮಚ ತಟ್ಟೆಗೆ ಹಾಕಿ ಮೇಲೆ ವಿನೆಗರ್ ಬಿಡಿ. ನೊರೆ ಬಂದರೆ ಸುಣ್ಣದ ಅಂಶ ಇದೆ, ನೀರು ಗಡಸಾಗುತ್ತೆ. ಅಂಗಡಿಯ ಕಪ್ಪೆಚಿಪ್ಪೂ ಅಷ್ಟೇ.

ಫಿಲ್ಟರ್ ಬಗ್ಗೆ ಹೇಳೋದು ಕಮ್ಮಿ. ಗಾಳಿಗುಳ್ಳೆಯ ಬಲದಲ್ಲಿ ನೀರನ್ನು ಸ್ಪಂಜಿನ ಮೂಲಕ ಎಳೆಯುವ ಸ್ಪಂಜ್ ಫಿಲ್ಟರ್ 160 ರೂಪಾಯಿ, ಏರ್ ಪಂಪ್, ಪೈಪು, ವಾಲ್ವ್ ಸೇರಿ 340. ಇದಕ್ಕಿಂತ ಒಳ್ಳೆಯದು ಈ ಅಳತೆಗೆ ಬೇಕಿಲ್ಲ. ಪೈಪಿನ ಮಧ್ಯೆ ಹಾಕುವ ಆ ಪುಟ್ಟ ವಾಲ್ವ್ ಮರೆಯಬೇಡಿ. ಕರೆಂಟ್ ಹೋದಾಗ ನೀರು ಪೈಪಲ್ಲಿ ಹಿಂದಕ್ಕೆ ಬಂದು ಪಂಪಿನೊಳಗೆ ನುಗ್ಗುತ್ತದೆ, ಇದು ಅದನ್ನು ತಡೆಯುತ್ತೆ. ಮಳೆಗಾಲದಲ್ಲಿ ಕರೆಂಟ್ ಎಷ್ಟು ಹೊತ್ತಿಗೆ ಹೋಗುತ್ತೋ ಗೊತ್ತಿಲ್ಲವಲ್ಲ. ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಟ್ಯಾಂಕಿಂದ ತೆಗೆದ ನೀರಲ್ಲೇ ಹಿಂಡಿ. ನಲ್ಲಿ ನೀರಿನ ಕ್ಲೋರಿನ್ ತಾಗಿದರೆ, ಮೀನಿನ ಹೊಲಸನ್ನು ಅರಗಿಸುವ ಒಳಗಿನ ಒಳ್ಳೇ ಬ್ಯಾಕ್ಟೀರಿಯಾ ಸಾಯುತ್ತವೆ.

ಲೈಟಿಗೆ ಎಲೆಕ್ಟ್ರಿಕಲ್ ಅಂಗಡಿಯ 9 ವ್ಯಾಟಿನ ಎಲ್‌ಇಡಿ ಬಲ್ಬು, ಡಬ್ಬದ ಮೇಲೆ 6500ಕೆ (ಅಂದರೆ ಹಗಲಿನಂಥ ಬಿಳಿ ಬೆಳಕು) ಅಂತ ಬರೆದಿರಬೇಕು, ಮೇಜಿಗೆ ಕಚ್ಚಿಸುವ ಹೋಲ್ಡರ್ ಜೊತೆ 260 ಆಯಿತು. ಶುರುವಿನಲ್ಲಿ ದಿನಕ್ಕೆ ಆರು ಗಂಟೆ ಸಾಕು, ಗಿಡ ಬೇರು ಹಿಡಿದ ಮೇಲೆ ಏಳು-ಎಂಟು. ಜಾಸ್ತಿ ಬೆಳಕು ಕೊಟ್ಟರೆ ಗಿಡಕ್ಕಿಂತ ಮೊದಲು ಪಾಚಿ ಬೆಳೆಯುತ್ತೆ. ಕಿಟಕಿಯ ನೇರ ಬಿಸಿಲೂ ಬೇಡ. ಗಿಡ ಬೇಗ ಬೆಳೆಯಲಿ ಅಂತ ಇಡುವ ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರ್, ಅದೇ ಅನಿಲವನ್ನು ಮನೆಯಲ್ಲೇ ಮಾಡುವ ಸಕ್ಕರೆ-ಈಸ್ಟ್ ಬಾಟಲಿ ಇವೆಲ್ಲ ನಾನು ಹೇಳುವ ಗಿಡಗಳಿಗೆ ಬೇಕಾಗಿಲ್ಲ.

ಗಿಡಕ್ಕೆ 520 ರೂಪಾಯಿ. ಅದೂ ಕಮ್ಮಿಯೇ ಅನ್ನುತ್ತೇನೆ. ಹೊಸಬರು ಮೊದಲು ಎರಡು ಕಡ್ಡಿ ನೆಟ್ಟು, ಬೆಳೆಯಲಿ ನೋಡೋಣ ಅಂತ ಕಾಯುತ್ತಾರೆ, ಆ ಹೊತ್ತಿಗೆ ಗಾಜೆಲ್ಲ ಹಸಿರು ಪಾಚಿ. ಮೊದಲ ದಿನವೇ ಮರಳು ಕಾಣದಷ್ಟು ತುಂಬಿಸಿ. ಮಣ್ಣಿಂದ ಬಿಡುವ ಸಾರವನ್ನು ಪಾಚಿಗೆ ಸಿಗುವ ಮೊದಲೇ ಗಿಡಗಳು ಹೀರಿಕೊಳ್ಳಬೇಕು, ಇಡೀ ವ್ಯವಸ್ಥೆ ನಿಂತಿರೋದೇ ಅದರ ಮೇಲೆ. ಹಿಂದುಗಡೆ ವ್ಯಾಲಿಸ್ನೇರಿಯಾ ಮತ್ತು ಹೈಡ್ರಿಲ್ಲಾ, ಎರಡೂ ನಮ್ಮ ದೇಶದ ಕೆರೆಗಳಲ್ಲೇ ಬೆಳೆಯುವಂಥವು, ಬೇಗ ಹಬ್ಬುತ್ತವೆ. ಒಂದು ಪಕ್ಕಕ್ಕೆ ನೀರುಬ್ರಾಹ್ಮಿ, ಗದ್ದೆ ಬದಿಯ ಜೌಗಲ್ಲಿ ಬೆಳೆಯುವ ಅದೇ ಬ್ರಾಹ್ಮಿ, ನೀರೊಳಗೂ ಆರಾಮಾಗಿ ಬೆಳೆಯುತ್ತದೆ. ನಡುವೆ ಶ್ರೀಲಂಕಾ ಮೂಲದ ಕ್ರಿಪ್ಟೊಕೊರೈನ್. ಇದನ್ನು ನೆಟ್ಟ ಮೇಲೆ ಎಲೆಯೆಲ್ಲ ಕರಗಿ ಲೋಳೆಯಾಗುತ್ತೆ, ಹೆದರಿ ಕಿತ್ತು ಹಾಕಬೇಡಿ. ಬೇರು ಜೀವಂತ ಇರುತ್ತೆ, ಹೊಸ ಎಲೆ ಬರುತ್ತೆ. ಅನುಬಿಯಾಸ್, ಜಾವಾ ಫರ್ನ್ ತಗೊಂಡರೆ ಅದರ ದಪ್ಪ ಕಾಂಡವನ್ನು ಮರಳಲ್ಲಿ ಹೂಳಬಾರದು, ಕೊಳೆಯುತ್ತದೆ. ಕಲ್ಲಿಗೆ ದಾರದಲ್ಲಿ ಕಟ್ಟಿ, ಇಲ್ಲವೇ ಒಂದು ಹನಿ ಫೆವಿಕ್ವಿಕ್ ಹಾಕಿ ಅಂಟಿಸಿ. ಒಣಗಿದ ಫೆವಿಕ್ವಿಕ್ ಮೀನಿಗೆ ಏನೂ ಮಾಡಲ್ಲ.

ಗಿಡ ಎಲ್ಲಿ ತಗೊಳ್ಳೋದು ಅನ್ನೋದರಲ್ಲಿ ನನಗೆ ಬೇಜಾರಾದ ಸಂಗತಿ ಇದೆ. ಊರಿನ ಒಂದು ಮೀನಿನಂಗಡಿಯಲ್ಲಿ ನೀರಿನ ಗಿಡ ಅಂತ ಕೊಟ್ಟಿದ್ದರಲ್ಲಿ ಅರ್ಧ ನೀರಿನ ಗಿಡವೇ ಅಲ್ಲ. ಲಕ್ಕಿ ಬ್ಯಾಂಬೂ, ಸಿಂಗೋನಿಯಂ, ಬಿಳಿ ಪಟ್ಟೆಯ ಸ್ಪೈಡರ್ ಪ್ಲಾಂಟ್, ಇವೆಲ್ಲ ಕುಂಡದ ಗಿಡ. ಪೂರ್ತಿ ಮುಳುಗಿಸಿದರೆ ಕೆಲವು ವಾರ ಹಸಿರಾಗಿದ್ದು ಆಮೇಲೆ ಬುಡದಿಂದ ಕೊಳೆತು ನೀರು ಕೆಡಿಸುತ್ತವೆ. ಗುರುತು ಹಿಡಿಯೋದು ಸುಲಭ. ಗಿಡವನ್ನು ನೀರಿಂದ ಮೇಲೆತ್ತಿ. ನೀರೊಳಗೇ ಬೆಳೆದ ಗಿಡ ಜೋಲು ಬಿದ್ದು ಕೈಗೆ ಅಂಟಿಕೊಳ್ಳುತ್ತೆ. ಕುಂಡದ ಗಿಡ ಕಡ್ಡಿ ಹಾಗೆ ನೆಟ್ಟಗೆ ನಿಲ್ಲುತ್ತೆ, ಎಲೆ ಮೇಲೆ ಮೇಣದ ಹೊಳಪು ಇರುತ್ತೆ. ನೀರ ಮೇಲೆ ಬೆಳೆಸಿದ ಅನುಬಿಯಾಸ್ ಥರದವೂ ಗಟ್ಟಿ ಇರುತ್ತವೆ, ಹಾಗಾಗಿ ಹೆಸರು ಕೇಳಿಯೇ ತಗೊಳ್ಳಿ. ಹೆಸರು ಹೇಳದೆ "ಇದು ಚೆನ್ನಾಗ್ ಬರುತ್ತೆ" ಅಂದರೆ ಬಿಟ್ಟುಬಿಡಿ. ಉಳಿದದ್ದು ಬೆಂಗಳೂರಿಂದ ಕೊರಿಯರಲ್ಲಿ ಬಂತು, ಒದ್ದೆ ಪೇಪರ್ ಸುತ್ತಿ ಕವರಲ್ಲಿ ಕಟ್ಟಿ ಕಳಿಸಿದ್ದರು, ಒಳ್ಳೆ ಸ್ಥಿತಿಯಲ್ಲಿತ್ತು. ಕೊರಿಯರ್ ತರಿಸೋದಾದರೆ ವಾರದ ಶುರುವಿನಲ್ಲೇ ಕಳಿಸೋಕೆ ಹೇಳಿ, ಭಾನುವಾರ ಗೋಡೌನಲ್ಲಿ ಕೂತರೆ ಬೆಂದು ಹೋಗುತ್ತವೆ.

ಅದೇ ಮೀನಿನಂಗಡಿಯವರು ಟ್ಯಾಂಕ್ ತುಂಬಿದ ದಿನವೇ ಮೀನು ಬಿಡಿ ಅನ್ನುತ್ತಾರೆ, ಒಂದು ಬಾಟಲಿ ನೀಲಿ ಔಷಧಿಯನ್ನೂ ಕೊಡುತ್ತಾರೆ. ದಯವಿಟ್ಟು ಬೇಡ. ಮೀನಿನ ಹೊಲಸಿಂದ ಅಮೋನಿಯಾ ಬರುತ್ತೆ, ಒಂದು ಥರದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಥರದವು ಅದನ್ನು ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ಮೀನಿಗೆ ವಿಷ, ಮೂರನೆಯದು ಗಿಡಕ್ಕೆ ಗೊಬ್ಬರ. ಈ ಬ್ಯಾಕ್ಟೀರಿಯಾ ಸಾಕಷ್ಟು ಬೆಳೆಯೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಗಿಡ ದಟ್ಟವಾಗಿದ್ದರೆ ಅಮೋನಿಯಾವನ್ನು ಅವೇ ನೇರವಾಗಿ ಹೀರಿಕೊಳ್ಳುತ್ತವೆ, ಆದರೂ ಕಾಯಿರಿ. ಪಾಪ, ಸಾಯೋದು ಮೀನು ತಾನೆ. ನೀರಿನ ವಿಷಯಕ್ಕೆ ಬಂದರೆ ನಮ್ಮ ನಲ್ಲಿಗೆ ಬರೋದು ಹೇಮಾವತಿ ನೀರು, ಕ್ಲೋರಿನ್ ಹಾಕಿರುತ್ತಾರೆ, ಬಕೆಟ್ಟಲ್ಲಿ 24 ಗಂಟೆ ತೆರೆದಿಟ್ಟರೆ ಹೋಗುತ್ತೆ. ಬೋರ್ ನೀರಾದರೆ ಕ್ಲೋರಿನ್ ಇಲ್ಲ, ಆದರೆ ಬಿಸಿನೀರಿನ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವಷ್ಟು ಗಡಸಾಗಿದ್ದರೆ ವ್ಯಾಲಿಸ್ನೇರಿಯಾ ಗಿಡ, ಗಪ್ಪಿ ಮೀನು ಇಂಥವನ್ನೇ ಆರಿಸಿಕೊಳ್ಳಿ.

ಮೀನು ಯಾವುದು? ಬಡವರ ಊಟಿ ಅಂತ ಹಾಸನವನ್ನು ಕರೀತಾರಲ್ಲ, ಗಿಡದ ಅಕ್ವೇರಿಯಮ್ಮಿಗೆ ಈ ಹವೆ ನಿಜಕ್ಕೂ ವರ. ಕರಾವಳಿಯವರು ಬೇಸಿಗೆಯಲ್ಲಿ ಟ್ಯಾಂಕಿಗೆ ಫ್ಯಾನ್ ಇಡುತ್ತಾರೆ, ನಮಗೆ ಆ ತಲೆನೋವಿಲ್ಲ. ಚಳಿಗಾಲದ ರಾತ್ರಿ ಮಾತ್ರ ನೀರು ಚೆನ್ನಾಗಿ ತಣಿಯುತ್ತೆ, ಚಿಕ್ಕಮಗಳೂರಲ್ಲಿ ಇನ್ನೂ ಜಾಸ್ತಿ. ಬೆಚ್ಚನೆ ನೀರು ಬೇಕಾಗುವ ಬೆಟ್ಟಾ (ಫೈಟರ್) ಮೀನೇ ಬೇಕು ಅಂದರೆ 50 ವ್ಯಾಟಿನ ಹೀಟರ್ ಹಾಕಲೇಬೇಕು. ಹೀಟರ್ ದುಡ್ಡು ಉಳಿಸಬೇಕಾದರೆ ತಣ್ಣೀರಿನ ಮೀನೇ ತನ್ನಿ. ನಾನು ತಂದದ್ದು ವೈಟ್ ಕ್ಲೌಡ್, ಆರು ಮೀನು, 180 ರೂಪಾಯಿ. ಚೀನಾದ ಬೆಟ್ಟದ ತೊರೆಗಳ ಮೀನು ಇದು, ಚಳಿ ಇದಕ್ಕೆ ಲೆಕ್ಕಕ್ಕಿಲ್ಲ. ರೆಕ್ಕೆಯ ತುದಿ ಕೆಂಪು, ಮೈ ಮೇಲೆ ಒಂದು ಹೊಳೆಯುವ ಗೆರೆ. ಗಂಡುಗಳು ರೆಕ್ಕೆ ಬಿಚ್ಚಿ ಒಂದರ ಸುತ್ತ ಒಂದು ಸುತ್ತುವಾಗ ಎಷ್ಟು ಹೊತ್ತು ನೋಡಿದರೂ ಸಾಕಾಗಲ್ಲ. ಚೆರ್ರಿ ಸಿಗಡಿಗೂ ಈ ಹವೆ ಹೊಂದುತ್ತದೆ, ಮೀನಿಗಿಂತ ತಡವಾಗಿ, ಕಲ್ಲು-ಎಲೆ ಮೇಲೆ ತೆಳು ಪಾಚಿ ಕಂಡ ಮೇಲೆ ಬಿಡಿ. ಅದೇ ಅವಕ್ಕೆ ಊಟ.

ಗಿಡ ಬೆಳೆದು ಕತ್ತರಿಸಿದ್ದನ್ನು ಕೆರೆಗೋ ಚರಂಡಿಗೋ ಎಸೆಯಬೇಡಿ, ಬೇಡವಾದ ಮೀನನ್ನೂ ಅಷ್ಟೇ. 2020ರಲ್ಲಿ ಕೇರಳದ ಕೋಯಿಕ್ಕೋಡ್ ಹತ್ತಿರ ಒಂದು ತೋಡಿನ ತುಂಬ ಗುಲಾಬಿ ಹೂ ಅರಳಿ ಜನ ನೋಡೋಕೆ ಮುಗಿಬಿದ್ದಿದ್ದರು, ಅದು ಹೊರದೇಶದ ಅಕ್ವೇರಿಯಂ ಗಿಡ ಕಬೊಂಬಾ. ನೋಡೋಕೆ ಚಂದ, ಆದರೆ ನೀರು ಹರಿಯೋಕೆ ಬಿಡದೆ ಊರಿನ ಗಿಡಗಳನ್ನು ಮುಚ್ಚಿಹಾಕುತ್ತೆ. ಕತ್ತರಿಸಿದ್ದನ್ನು ಒಣಗಿಸಿ ಕುಂಡಕ್ಕೆ ಹಾಕಿ, ಇಲ್ಲ ಯಾರಾದರೂ ಹೊಸದಾಗಿ ಶುರು ಮಾಡುವವರಿಗೆ ಕೊಡಿ.

ಮರಳಿಗೆ 120, ಥರ್ಮಾಕೋಲಿಗೆ 30, ಮಣ್ಣಿಗೆ ಏನಿಲ್ಲ. ಎಲ್ಲ ಕೂಡಿದರೆ 2,560. ಸ್ಪಂಜ್ ಫಿಲ್ಟರಿಗೆ ಐದಕ್ಕೆ ಐದು, ಗಾಜಿನಂಗಡಿಗೂ ಐದಕ್ಕೆ ಐದು, ಮೀನಿನಂಗಡಿಗೆ ಎರಡು. ಟ್ಯಾಂಕ್ ಆರ್ಡರ್ ಕೊಡುವಾಗಲೇ ಮುಚ್ಚಳದ ಗಾಜಿಗೂ ಹೇಳಿ, ಒಂದು ಮೂಲೆ ಕತ್ತರಿಸಿರಲಿ, ಏರ್ ಪೈಪು ಅಲ್ಲಿಂದ ಒಳಗೆ ಹೋಗುತ್ತೆ. ವೈಟ್ ಕ್ಲೌಡ್ ಚೆನ್ನಾಗಿ ಹಾರುತ್ತೆ, ಮುಚ್ಚಳ ಇಲ್ಲದಿದ್ದರೆ ಬೆಳಿಗ್ಗೆ ನೆಲದ ಮೇಲೆ ಬಿದ್ದಿರುತ್ತೆ.