ಕಾರಿನ ಶಾಕ್ ಹೋಗಿದೆಯಾ? ಕಂಪನಿ ಸರ್ವಿಸಾ, ಹೊರಗಿನ ಗ್ಯಾರೇಜಾ?

ಸ್ವಿಫ್ಟ್‌ನಂಥ ಸಣ್ಣ ಕಾರು ಅಂದುಕೊಳ್ಳಿ. ಮುಂದಿನ ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಸೋರುತ್ತಿದ್ದರೆ, ಹಂಪ್ ದಾಟಿದ ಮೇಲೂ ಕಾರು ಕುಣಿಯುತ್ತಲೇ ಇದ್ದರೆ ಬದಲಿಸಲೇಬೇಕು. ಮುಂದಿನ ಜೋಡಿಗೆ ಪಾರ್ಟ್ಸ್ ಖರ್ಚೇ ಅಂದಾಜು 4ರಿಂದ 6 ಸಾವಿರ.

ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಒರಿಜಿನಲ್ ಪಾರ್ಟ್ಸ್, ಬಿಲ್, ವಾರಂಟಿ ಸಿಗುತ್ತವೆ, ಕೂಲಿ ಮಾತ್ರ ಜಾಸ್ತಿ. ಹೊರಗಿನ ಗ್ಯಾರೇಜಿನಲ್ಲಿ ಕೂಲಿ ಕಡಿಮೆ, ಬೆಂಗಳೂರಿನವರಾದರೆ ವಾಹನ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಿಂದ ನೀವೇ ಪಾರ್ಟ್ಸ್ ತಂದುಕೊಡಬಹುದು. ಗೇಬ್ರಿಯಲ್, ಮನ್ರೋ ಥರದ ಬ್ರ್ಯಾಂಡ್ ಆದರೆ ಧೈರ್ಯವಾಗಿ ಹಾಕಿಸಿ, ಬಿಲ್ ಬಿಡಬೇಡಿ.

ಎಲ್ಲಿ ಮಾಡಿಸಿದರೂ ಜೋಡಿಯಾಗಿಯೇ ಬದಲಿಸಿ. ಮುಂದಿನದಕ್ಕೆ ಸ್ಪ್ರಿಂಗ್ ಅದುಮಿ ಬಿಚ್ಚಬೇಕು, ಆಮೇಲೆ ವೀಲ್ ಅಲೈನ್‌ಮೆಂಟ್ ಬೇಕೇಬೇಕು, ಅದಕ್ಕೇ ಹಿಂದಿನದಕ್ಕಿಂತ ಖರ್ಚು ಹೆಚ್ಚು. ಸವೆದ ಮೌಂಟ್ (ಶಾಕನ್ನು ಬಾಡಿಗೆ ಕೂರಿಸುವ ಭಾಗ), ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗಿದಾಗ ಹೊಡೆತ ತಡೆಯುವ ರಬ್ಬರ್ ಥರದ ತುಂಡು) ಹಾಗೇ ಬಿಟ್ಟರೆ ನಾಳೆ ಮತ್ತೆ ಅದೇ ಕೂಲಿ ಕೊಟ್ಟು ಬಿಚ್ಚಿಸಬೇಕು, ಅಲ್ವಾ? ರೇಟ್ ಕೇಳುವಾಗಲೇ ಇವೆಲ್ಲ ಸೇರಿಸಿ ಕೇಳಿ. ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18 ಆಗಿದೆ, ಹಳೆಯ 28 ಹಾಕಿದ್ದರೆ ಪ್ರಶ್ನಿಸಿ.

ಎಣ್ಣೆ ತುಂಬಿ ರಿಪೇರಿ ಮಾಡಿದ ಹಳೇ ಶಾಕ್ ಅಗ್ಗ, ಆದರೆ ಸುಮ್ನೆ ದುಡ್ಡು ದಂಡ. ಕಾರಿನ ವಾರಂಟಿ ಇನ್ನೂ ಇದ್ದರೆ ಕಂಪನಿಗೇ ಹೋಗಿ. ಮುಗಿದಿದ್ದರೆ ನನ್ನ ಮತ ಗ್ಯಾರೇಜಿಗೆ, ಅವರ ಬಳಿ ಸ್ಪ್ರಿಂಗ್ ಅದುಮುವ ಸಾಧನ, ಅಂದರೆ ಸ್ಪ್ರಿಂಗ್ ಕಂಪ್ರೆಸರ್ ಇದ್ದರೆ ಮಾತ್ರ.