ಎರಡನೆಯ ಸಹಿ ಬೀಳುವವರೆಗೆ ಮೊದಲ ಗೇಟು ದಾಟಬೇಡಿ

ಅಮೆರಿಕದ ಸೇನೆಯಲ್ಲಿ ನಮ್ಮ ಕಡೆಯ ಹುಡುಗರು ಈಗ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಅವರಲ್ಲಿ ಯಾರಾದರೂ ‘ಈ ಕರಾರು ಮುಗಿಯಲಿ, ಆಮೇಲೆ ವಾಯುಪಡೆಗೆ ಹೋಗುತ್ತೇನೆ’ ಎಂದುಕೊಂಡಿದ್ದರೆ ಇದನ್ನು ಓದಿ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆ ‘ಆಮೇಲೆ’ ನನ್ನ ಹದಿನಾರು ತಿಂಗಳನ್ನು ನುಂಗಿತು.

ಗ್ರೀನ್ ಕಾರ್ಡ್ ಹಿಡಿದು ಭೂಸೇನೆ ಸೇರಿ, ನಾಲ್ಕು ವರ್ಷ ಟೆಕ್ಸಾಸಿನಲ್ಲಿ ಸೇನಾ ಲಾರಿಗಳ ಕೆಳಗೆ ಮಲಗಿ ಕೆಲಸ ಮಾಡಿದವನು ನಾನು. ಸಾರ್ಜೆಂಟ್ ಆಗಿದ್ದೆ. ವಿಮಾನದ ಎಂಜಿನ್ ಬಿಚ್ಚಬೇಕೆಂಬ ಹುಚ್ಚು ಮೊದಲಿನಿಂದಲೂ ಇತ್ತು. ಕರಾರು ಮುಗಿಯಲು ಆರು ತಿಂಗಳಿದ್ದಾಗ, ವಾಯುಪಡೆಗೆ ಜನ ಸೇರಿಸುವ ಒಬ್ಬ ರಿಕ್ರೂಟರ್ ಬಳಿ ಹೋದೆ. ‘ಮೊದಲು ಹೊರಗೆ ಬಾ. ಬಿಡುಗಡೆಯ ಕಾಗದ ಕೈಗೆ ಬಂದರೆ ಎರಡು ತಿಂಗಳ ಕೆಲಸ. ಎಂಜಿನ್ ವಿಭಾಗವೇ ಸಿಗುತ್ತದೆ, ದರ್ಜೆಯೂ ಹಾಗೆಯೇ ಉಳಿಯುತ್ತದೆ’ ಎಂದ. ಬರೆದುಕೊಡಿ ಎಂದು ನಾನು ಕೇಳಲಿಲ್ಲ. ಹಳೆಯ ಬೈಕು ಕೊಳ್ಳುವಾಗಲೂ ಆರ್‌ಸಿ ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡುವ ಊರಿನವನು ನಾನು, ಅಂದು ಮಾತ್ರ ತಲೆಯಾಡಿಸಿ ಬಂದೆ.

ಆಗ ನನಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಬೇರೆ ಪಡೆಯಲ್ಲಿ ಕೆಲಸ ಮಾಡಿ ಬಂದವರಿಗೆ ವಾಯುಪಡೆ ಇಡುವ ಜಾಗ ಬಹಳ ಕಡಿಮೆ. ಯಾವ ವಿಭಾಗದಲ್ಲಿ ಜಾಗವಿದೆ ಎಂಬುದೂ ಆಗಾಗ ಬದಲಾಗುತ್ತದೆ. ಅನುಭವಿ ಎಂದು ಕೈಹಿಡಿದು ಕರೆದೊಯ್ಯುತ್ತಾರೆಂದು ನಾನು ಭಾವಿಸಿದ್ದೆ. ಹೊಸ ಹುಡುಗನಿಗೆ ತೆರೆದಿದ್ದ ಬಾಗಿಲು ನನಗೆ ಅರ್ಧ ಮುಚ್ಚಿತ್ತು.

ನಿಜವಾಗಿ ಕುತ್ತಿಗೆಗೆ ಬಂದದ್ದು ನನ್ನ ಮಂಡಿ. ಸೇವೆ ಬಿಡುವವರಿಗೆ ಕಡ್ಡಾಯ ತರಗತಿಗಳಿರುತ್ತವೆ. ಸೇವೆಯಲ್ಲಿ ಆದ ಗಾಯ, ನೋವುಗಳಿಗೆ ಪರಿಹಾರ ಕೇಳಿ, ಬಿಡುಗಡೆಗೆ 180ರಿಂದ 90 ದಿನ ಮೊದಲೇ ಅರ್ಜಿ ಹಾಕಬಹುದು ಎಂದು ಅಲ್ಲಿ ಹೇಳಿಕೊಡುತ್ತಾರೆ. ಅದು ನಮ್ಮ ಹಕ್ಕು, ತಕರಾರಿಲ್ಲ. ಮಂಡಿ, ಬೆನ್ನು ಎರಡನ್ನೂ ಬರೆದೆ. ಶೇಕಡಾ 30 ಅಂಗವೈಕಲ್ಯ ಎಂದು ಮಂಜೂರಾಯಿತು. ಇಷ್ಟಾದ ಮೇಲೆ ನೇಮಕಾತಿ ವೈದ್ಯರ ಮುಂದೆ ನಿಂತೆ. ಅವರ ಪರದೆಯ ಮೇಲೆ ನಾನು ಮಂಡಿ ತೋರಿಸಿದ ಪ್ರತಿಯೊಂದು ದಿನವೂ ಇತ್ತು. ಸೇನೆಯ ಹೊಸ ವೈದ್ಯಕೀಯ ದಾಖಲೆ ವ್ಯವಸ್ಥೆ 2022ರಲ್ಲಿ ನೇಮಕಾತಿ ಕೇಂದ್ರಗಳಿಗೂ ಬಂದಿದೆ. ‘ಸರ್ಕಾರಕ್ಕೆ ಮಂಡಿ ಕೆಟ್ಟಿದೆ ಎಂದು ಹೇಳಿದ್ದೀಯ, ನಮಗೆ ಗಟ್ಟಿಯಿದೆ ಎನ್ನುತ್ತೀಯಾ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ವಿನಾಯಿತಿಗೆ ಅರ್ಜಿ, ಎಕ್ಸ್‌ರೇ, ಮೂಳೆ ವೈದ್ಯರ ಪತ್ರ, ಮತ್ತೆ ಕಾಯುವಿಕೆ. (ಮುಚ್ಚಿಡಬೇಕಿತ್ತು ಎಂದು ಬುದ್ಧಿ ಹೇಳಿದ ಸ್ನೇಹಿತರಿಗೆ: ಸುಳ್ಳು ಹೇಳಿ ಸೇರುವುದು ಸೇನಾ ಕಾನೂನಿನಲ್ಲಿ ಅಪರಾಧ.) ಪರಿಹಾರ ಕೇಳಬೇಡಿ ಎನ್ನುತ್ತಿಲ್ಲ. ಆದರೆ ಸಮವಸ್ತ್ರ ಬಿಡುವ ಮನಸ್ಸಿಲ್ಲದಿದ್ದರೆ, ಅರ್ಜಿ ಹಾಕುವ ಮೊದಲು ಎರಡೂ ಕಡೆ ವಿಚಾರಿಸಿ.

ಅಷ್ಟರಲ್ಲಿ ಇನ್ನೊಂದು ಗಂಟು ಕಾಣಿಸಿತು. ಸಾಮಾನ್ಯವಾಗಿ ಮೊದಲ ಸಹಿ ಹಾಕಿದಾಗಲೇ ಒಟ್ಟು ಎಂಟು ವರ್ಷದ ಬಾಧ್ಯತೆ ಹೆಗಲೇರುತ್ತದೆ. ನಾಲ್ಕು ವರ್ಷ ಕೆಲಸ ಮಾಡಿ ಹೊರಬಂದರೂ ಉಳಿದ ನಾಲ್ಕು ವರ್ಷ ಮೀಸಲು ಪಟ್ಟಿಯಲ್ಲಿ ಹೆಸರಿರುತ್ತದೆ. ಬೇರೆ ಪಡೆ ಸೇರಲು ಆ ಪಟ್ಟಿಯಿಂದ ಬಿಡಿಸಿಕೊಳ್ಳಬೇಕು, ಅದಕ್ಕೆ ಡಿಡಿ-368 ಎಂಬ ನಮೂನೆ ಬೇಕು. ಗೇಟು ದಾಟಿ ಬಂದೆ ಎಂದುಕೊಂಡಿದ್ದೆ, ಕಾಗದದಲ್ಲಿ ಇನ್ನೂ ಒಳಗೇ ಇದ್ದೆ! ಈ ನಮೂನೆಯನ್ನು ಸೇವೆಯಲ್ಲಿರುವಾಗಲೇ ಕೇಳಬಹುದು ಎಂದು ಆ ರಿಕ್ರೂಟರ್ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

ಬಿಡುಗಡೆ ಪತ್ರ ಡಿಡಿ-214ರಲ್ಲೂ ಒಂದು ಎಚ್ಚರ ಬೇಕು. ಅದಕ್ಕೆ ಚಿಕ್ಕ ಪ್ರತಿ, ಪೂರ್ಣ ಪ್ರತಿ ಎಂದು ಎರಡಿವೆ. ನೀವು ಮರಳಿ ಸೇರಲು ಅರ್ಹರೇ ಎಂದು ಹೇಳುವ ಸಂಕೇತ 27ನೆಯ ಚೌಕದಲ್ಲಿರುತ್ತದೆ, ಪೂರ್ಣ ಪ್ರತಿಯಲ್ಲಿ ಮಾತ್ರ. ನಾನು ಚಿಕ್ಕದನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿಟ್ಟುಕೊಂಡು ತಿರುಗುತ್ತಿದ್ದೆ.

ಹಣದ ಮಾತು ಬೇಡವೆಂದರೂ ಬಿಡುವುದಿಲ್ಲ. 2022ರ ಆಗಸ್ಟಿನಲ್ಲಿ ಸಂಬಳ ನಿಂತಿತು, ಜೊತೆಗೆ ಕುಟುಂಬದ ಆರೋಗ್ಯ ವಿಮೆಯೂ ಹೋಯಿತು. ಹೆಂಡತಿಗೆ ಐದು ತಿಂಗಳಾಗಿತ್ತು. ಪ್ರೀಮಿಯಂ ಕಟ್ಟಿ ವಿಮೆಯನ್ನು ಮುಂದುವರಿಸುವ ದಾರಿಯಿದೆ, ಆದರೆ 60 ದಿನಗಳೊಳಗೆ ಅರ್ಜಿ ಹಾಕಬೇಕು. ಆ ಗಡುವನ್ನು ನೆನಪಿಸಿದವಳು ಅವಳೇ. ಎರಡು ದೋಣಿಯಲ್ಲಿ ಕಾಲಿಡಬೇಡ ಎಂದು ಅಪ್ಪ ಹೇಳುತ್ತಿದ್ದರು. ಈ ಒಂದು ವಿಷಯದಲ್ಲಿ ಇಡಲೇಬೇಕಿತ್ತು.

ಕೊನೆಗೆ 2023ರ ಡಿಸೆಂಬರಿನಲ್ಲಿ, ವಾಯುಪಡೆಯ ಅರೆಕಾಲಿಕ ಮೀಸಲು ಪಡೆಯಾದ ಏರ್ ನ್ಯಾಷನಲ್ ಗಾರ್ಡ್ ಸೇರಿದೆ. ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ. ಉಳಿದ ದಿನ ಲಾರಿ ಗ್ಯಾರೇಜಿನ ಕೆಲಸ. ದರ್ಜೆ ಒಂದು ಮೆಟ್ಟಿಲು ಕೆಳಗಿಳಿದು ಸೀನಿಯರ್ ಏರ್‌ಮನ್ ಆಯಿತು. ಕರ್ತವ್ಯದ ಸಂಬಳ ಪಡೆಯುವ ದಿನಗಳಿಗೆ ಮಂಡಿಯ ಪರಿಹಾರವನ್ನೂ ಬಿಟ್ಟುಕೊಡಬೇಕು.

ಹೊಸ ಸಮವಸ್ತ್ರದ ಫೋಟೊವನ್ನು ಹಾಸನಕ್ಕೆ ಕಳಿಸಿದ್ದೆ. ಭೂಸೇನೆಯ ಸಾರ್ಜೆಂಟಿಗೆ ತೋಳಿನ ಮೇಲೆ ಮೂರು ಪಟ್ಟಿ, ವಾಯುಪಡೆಯ ಸೀನಿಯರ್ ಏರ್‌ಮನ್‌ಗೂ ಮೂರೇ. ಅಮ್ಮ ಎಣಿಸಿ, ‘ಸದ್ಯ, ಪಟ್ಟಿ ಕಡಿಮೆಯಾಗಿಲ್ಲವಲ್ಲ’ ಎಂದರು. ನಾನು ಹೌದಮ್ಮ ಎಂದೆ.