ಹಳೆ ಮಸ್ಟಾಂಗ್ ಕೊಳ್ಳುವ ಮುಂಚೆ ಐದನೇ ಅಕ್ಷರ ನೋಡಿ

ಬರೆಯೋದೋ ಬೇಡವೋ ಅಂತ ಎರಡು ತಿಂಗಳು ಒದ್ದಾಡಿದೆ. ನಾಚಿಕೆ. 48 ವರ್ಷದವನು, ಇಂಜಿನಿಯರ್ ಬೇರೆ, ಅಮೆರಿಕದ ಮಿಶಿಗನ್‌ನಲ್ಲಿ, ಫೋರ್ಡ್ ಕಂಪನಿಯ ಊರು ಡಿಯರ್‌ಬಾರ್ನ್‌ನಿಂದ ಅರ್ಧ ಗಂಟೆ ದೂರದ ಕ್ಯಾಂಟನ್‌ನಲ್ಲಿ ಮನೆ. ಕಾರಿನ ಊರಲ್ಲೇ ಇದ್ದುಕೊಂಡು ಕಾರಿನಲ್ಲೇ ಟೋಪಿ ಹಾಕಿಸಿಕೊಂಡೆ ಅಂತ ಹೇಳಿಕೊಳ್ಳಲು ಯಾರಿಗೆ ಇಷ್ಟ? ಆದರೆ ಮೊನ್ನೆ ಪರಿಚಯದ ಹುಡುಗ ಒಬ್ಬ ಫೋನ್ ಮಾಡಿ, "ಅಣ್ಣಾ, ನಾನೂ ಒಂದು ಹಳೆ ಮಸ್ಟಾಂಗ್ ನೋಡ್ತಿದ್ದೀನಿ, ಫೋಟೋ ಸೂಪರ್ ಆಗಿದೆ" ಅಂದ. ಫೋಟೋ ಸೂಪರ್ ಅಂತೆ! ಅದಕ್ಕೇ ಬರೆಯುತ್ತಿದ್ದೇನೆ.

ಕಾರು 1966ರ ಫೋರ್ಡ್ ಮಸ್ಟಾಂಗ್, ಎರಡು ಬಾಗಿಲಿನ ಹಾರ್ಡ್‌ಟಾಪ್ ಕೂಪೆ. ಕೆಂಪು ಬಣ್ಣ. ಮಾರಾಟಕ್ಕಿಟ್ಟವರು ಫ್ಲೋರಿಡಾದ ಒಂದು ಷೋರೂಮ್‌ನವರು. ಬೇರೆಯವರ ಹಳೆ ಕಾರುಗಳನ್ನು ತಂದು, ತೊಳೆದು, ಲೈಟ್ ಹಾಕಿ, ಕಮಿಷನ್ ಮೇಲೆ ಮಾರುವ ಜಾಗ. ಜಾಹೀರಾತಿನಲ್ಲಿ ಬರೆದಿದ್ದು ಹೀಗೆ: ಪೂರ್ತಿ ಫ್ರೇಮ್ ಆಫ್ ರಿಸ್ಟೋರೇಶನ್, ಒರಿಜಿನಲ್ ಫೋರ್ಡ್ ವಿ8 (ಅಂದರೆ ಎಂಟು ಸಿಲಿಂಡರಿನ ಎಂಜಿನ್), ತುಕ್ಕು ಇಲ್ಲ. ಬೆಲೆ 28,500 ಡಾಲರ್. ಫೋಟೋಗಳು 86. ನಾನು ಎಣಿಸಿದ್ದೇನೆ. ರಾತ್ರಿ ಮಲಗುವ ಮುಂಚೆ ಮಂತ್ರ ಹೇಳಿದ ಹಾಗೆ ಆ ಫೋಟೋಗಳನ್ನು ನೋಡುತ್ತಿದ್ದೆ.

ಆ ಮೂರು ಮಾತಲ್ಲಿ ಮೊದಲನೆಯದೇ ಬೊಗಳೆ. ಫ್ರೇಮ್ ಆಫ್ ಅಂದರೆ ಚಾಸಿಯಿಂದ ಬಾಡಿ ಬಿಡಿಸಿ ಕೆಲಸ ಮಾಡೋದು. ಮಸ್ಟಾಂಗ್‌ಗೆ ಬೇರೆ ಚಾಸಿಯೇ ಇಲ್ಲ, ಬಾಡಿಯೇ ಚಾಸಿ. ಇಲ್ಲದ್ದನ್ನು ಹೇಗೆ ಬಿಡಿಸಿದರು? ಈಗ ಕೇಳುತ್ತೇನೆ. ಆಗ ಓದಿ, "ಅಬ್ಬಾ, ಎಷ್ಟು ಕೆಲಸ ಮಾಡಿದ್ದಾರೆ" ಅಂದುಕೊಂಡಿದ್ದೆ.

ನೋಡಿ ಬರಲು ಹೋಗಲಿಲ್ಲ. ಇನ್‌ಸ್ಪೆಕ್ಷನ್‌ಗೆ ಯಾರನ್ನೂ ಕಳಿಸಲಿಲ್ಲ. "ಇನ್ನೊಬ್ಬರು ಇವತ್ತು ಸಂಜೆ ದುಡ್ಡು ಕಳಿಸ್ತಾರೆ ಸರ್" ಅಂದ ಸೇಲ್ಸ್‌ನವನು. ಮೂಗಿಗೆ ತುಪ್ಪ ಸವರೋದು ಅಂದರೆ ಇದೇ. ಮಧ್ಯಾಹ್ನವೇ ಬ್ಯಾಂಕಿಗೆ ಹೋಗಿ ಪೂರ್ತಿ ದುಡ್ಡು ವೈರ್ ಮಾಡಿದೆ. ಅವರು ಕಳಿಸಿದ ಕಾಗದದಲ್ಲಿ 'ಇದ್ದದ್ದು ಇದ್ದ ಹಾಗೆ' ಅಂತ ನಾಲ್ಕು ಕಡೆ ಬರೆದಿತ್ತು, ನಾಲ್ಕೂ ಕಡೆ ಸಹಿ ಹಾಕಿದೆ. ಎಲ್ಲರೂ ಹಾಗೇ ತಾನೇ ಮಾಡೋದು?

ಕಾರು ಬಂತು. ಹೊಳೀತಿತ್ತು, ಸುಳ್ಳು ಹೇಳಲ್ಲ. ಬ್ರೇಕ್ ಮಾತ್ರ ಕಾಲು ಮುರಿಯೋ ಹಾಗೆ ಒತ್ತಬೇಕಿತ್ತು. ಹಳೆ ಕಾರು ಅಲ್ವಾ, ಹೀಗೇ ಇರುತ್ತೆ ಅಂತ ಸುಮ್ಮನಾದೆ.

ಆಯುಧ ಪೂಜೆಗೆ ಇಲ್ಲಿನ ಕನ್ನಡ ಕೂಟದ ಏಳೆಂಟು ಮನೆಯವರನ್ನು ಕರೆದೆ. ನಿಜ ಹೇಳಬೇಕೆಂದರೆ ಪೂಜೆಗಿಂತ ತೋರಿಸಿಕೊಳ್ಳೋದೇ ಜಾಸ್ತಿ ಇತ್ತು. ಬೆಳಿಗ್ಗೆ ವೀಲ್ ಕ್ಯಾಪ್ ತೆಗೆದು ತಿಕ್ಕಿ, ಒಣಗಲಿ ಅಂತ ಪಕ್ಕಕ್ಕಿಟ್ಟಿದ್ದೆ. ಹೆಂಡತಿ ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುತ್ತಿದ್ದಳು. ಬಂದವರಲ್ಲಿ ಒಬ್ಬ ಹಿರಿಯರು, ಕಾರು ಕಂಪನಿಯಲ್ಲಿ ದುಡಿದು ರಿಟೈರ್ ಆದವರು. ಚಕ್ರಕ್ಕೆ ಕುಂಕುಮ ಹಚ್ಚಲು ಬಗ್ಗಿದವರು ಹಾಗೇ ನಿಂತುಬಿಟ್ಟರು. ಬೆರಳಲ್ಲಿ ಕುಂಕುಮ ಹಾಗೇ ಇದೆ.

"ಏನಪ್ಪಾ, ವಿ8 ಅಂದೆ. ನಾಲ್ಕೇ ನಟ್ ಇದೆಯಲ್ಲ?"

ನನಗೆ ಅರ್ಥ ಆಗಲಿಲ್ಲ. ನಾಲ್ಕು ಇದ್ದರೆ ಏನು? ಅವರೇ ಮೆತ್ತಗೆ ಹೇಳಿದರು. ಆ ಕಾಲದ ಮಸ್ಟಾಂಗ್‌ನಲ್ಲಿ ಆರು ಸಿಲಿಂಡರಿನ ಕಾರಿಗೆ ಚಕ್ರಕ್ಕೆ ನಾಲ್ಕು ನಟ್, ವಿ8ಗೆ ಐದು. ಆಮೇಲೆ ಬಾನೆಟ್ ತೆಗೆಸಿದರು. ಡ್ರೈವರ್ ಕಡೆ ಫೆಂಡರ್ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ, ಅದರ ಕೆಳಗಿನ ತಗಡಿನಲ್ಲಿ ಕಾರಿನ ನಂಬರ್ ಒತ್ತಿರುತ್ತಾರೆ, ನಂಬರ್ ಪ್ಲೇಟಿನದಲ್ಲ, ಕಾರ್ಖಾನೆಯವರು ಕೊಟ್ಟದ್ದು. ಟಾರ್ಚ್ ಹಿಡಿದು ಓದಿದೆವು. 6ಎಫ್07ಟಿ, ಮುಂದೆ ಆರು ಅಂಕಿ. 6 ಅಂದರೆ 1966. ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ. 07 ಅಂದರೆ ಹಾರ್ಡ್‌ಟಾಪ್. ಐದನೆಯದು ಎಂಜಿನ್. ಸಿ, ಎ ಅಥವಾ ಕೆ ಇದ್ದರೆ 289 ಕ್ಯೂಬಿಕ್ ಇಂಚಿನ ವಿ8. ಟಿ ಅಂದರೆ 200ರ ಆರು ಸಿಲಿಂಡರ್.

ಟಿ. ನನ್ನ ಕಾರಿನದು ಟಿ.

ಹೊಟ್ಟೆ ಉರಿಯೋದು ಯಾಕೆ ಗೊತ್ತಾ? ಆ ನಂಬರ್ ಜಾಹೀರಾತಿನಲ್ಲೇ ಇತ್ತು. ಟೈಟಲ್ ಕಾಗದದಲ್ಲೂ, ಅಂದರೆ ಒಡೆತನದ ಪತ್ರದಲ್ಲೂ ಇತ್ತು. ಮೂರು ವಾರ ಕಣ್ಣ ಮುಂದೆಯೇ ಇತ್ತು. ಯಾರೂ ಬಚ್ಚಿಟ್ಟಿರಲಿಲ್ಲ. ನಾನು ಹೊಳಪು ನೋಡುತ್ತಾ ಕೂತಿದ್ದೆ.

ಮುಂದಿನ ವಾರ ಮೆಕ್ಯಾನಿಕ್ ಹತ್ತಿರ ಒಯ್ದೆ. ಎಂಜಿನ್ ಬ್ಲಾಕಿನ ಮೇಲಿನ ಅಚ್ಚಿನ ನಂಬರ್ ಡಿ8 ಅಂತ ಶುರುವಾಗುತ್ತಿತ್ತು. ಫೋರ್ಡ್ ಲೆಕ್ಕದಲ್ಲಿ ಸಿ ಅಂದರೆ ಅರವತ್ತರ ದಶಕ, ಡಿ ಅಂದರೆ ಎಪ್ಪತ್ತರದು. ಅಂದರೆ 1978ಕ್ಕಿಂತ ಹಿಂದಿನ ಎಂಜಿನ್ ಅಲ್ಲವೇ ಅಲ್ಲ. ಯಾವುದೋ ಕಾರಿನದು ತಂದು ಕೂರಿಸಿದ್ದಾರೆ. ಕೂರಿಸಲಿ, ತಪ್ಪಿಲ್ಲ, ಬೇಕಾದಷ್ಟು ಜನ ಕೂರಿಸುತ್ತಾರೆ. ಆದರೆ ಬ್ರೇಕ್ ಹಳೆಯದೇ! ಆರು ಸಿಲಿಂಡರಿನ ಕಾರಿನ 9 ಇಂಚಿನ ಡ್ರಮ್. ವಿ8 ಕಾರಿಗೆ ಕೊಡುತ್ತಿದ್ದದ್ದು 10 ಇಂಚಿನದು. ಹಿಂದಿನ ಆಕ್ಸಲ್ಲೂ ಸಣ್ಣದೇ. ಇದರಲ್ಲಿ ನನ್ನ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಫ್ರೀವೇಗೆ ಹೋಗಿದ್ದೆ.

ಇನ್ನು 'ತುಕ್ಕು ಇಲ್ಲ'. ಮುಂದಿನ ಗಾಜಿನ ಬುಡದಲ್ಲಿ ಗಾಳಿ ಹೋಗಲು ಜಾಲರಿ ಇರುತ್ತದೆ. ಮೆಕ್ಯಾನಿಕ್ ಅದರೊಳಗೆ ಒಂದು ಬಾಟಲಿ ನೀರು ಸುರಿದು, ಒಳಗೆ ಕೈ ತೋರಿಸಿದ. ಡ್ಯಾಶ್‌ಬೋರ್ಡ್ ಕೆಳಗಿಂದ ಕಾರ್ಪೆಟ್ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಹೊಸ ಕಾರ್ಪೆಟ್, ಇನ್ನೂ ಅಂಗಡಿ ವಾಸನೆ ಹೋಗಿಲ್ಲ. ಎತ್ತಿದರೆ ಕೆಳಗೆ ತಗಡಿನ ತುಂಡು, ರಿವೆಟ್ ಹೊಡೆದದ್ದು, ಅದರ ಮೇಲೆ ಡಾಂಬರಿನಂಥ ಕರಿ ಬಳಿದಿದ್ದರು. ಮೇಲೆ ಥಳಕು ಒಳಗೆ ಹುಳುಕು ಅಂತ ಅಜ್ಜಿ ಹೇಳುತ್ತಿದ್ದಳು, ಸುಮ್ನೆ ನಗ್ತಿದ್ದೆ.

ಷೋರೂಮ್‌ಗೆ ಫೋನ್ ಮಾಡಿದೆ. ಅವರ ಉತ್ತರ ಕೇಳಿ.

"ವಿ8 ಅಂತ ಬರೆದಿದ್ದೆವು. ಬಾನೆಟ್ ತೆಗೆದು ಎಣಿಸಿ ಸರ್, ಎಂಟು ಸಿಲಿಂಡರ್ ಇಲ್ವಾ?"

ಒರಿಜಿನಲ್ ಅಂತ ಬರೆದಿದ್ದೀರಲ್ಲ ಅಂದೆ. "ಒರಿಜಿನಲ್ ಫೋರ್ಡ್ ವಿ8 ಅಂತ ಬರೆದಿದ್ದೇವೆ. ಫೋರ್ಡ್ ಎಂಜಿನ್ನೇ ಅದು. ಷೆವ್ರೊಲೆ ಅಲ್ಲವಲ್ಲ."

ಆ ಕ್ಷಣ ನನಗೆ ಮಾತೇ ಹೊರಡಲಿಲ್ಲ. ಎಷ್ಟು ಸಲ ಅಭ್ಯಾಸ ಮಾಡಿದ ಉತ್ತರವೋ ಏನೋ. ತುಕ್ಕಿನ ಬಗ್ಗೆ ಕೇಳಿದರೆ, ವಿವರ ಬರೆದದ್ದು ಮಾಲೀಕರು, ನಾವು ಬರೀ ಮಧ್ಯದವರು ಅಂದರು. ಮಾಲೀಕರ ನಂಬರ್ ಕೊಡಿ ಅಂದರೆ, ಕೊಡುವ ಹಾಗಿಲ್ಲ ಅಂದರು. ಕೊನೆಗೆ, "ನಂಬರ್ ಜಾಹೀರಾತಿನಲ್ಲೇ ಇತ್ತಲ್ಲ, ನೀವು ನೋಡಲಿಲ್ವಾ?" ಇದಕ್ಕೆ ಏನು ಹೇಳಲಿ? ನೋಡಲಿಲ್ಲ. ಅದೇ ಸಮಸ್ಯೆ.

ಕೆಟ್ಟ ಕಾರಿಗೆ ಇಲ್ಲಿ ನಿಂಬೆಹಣ್ಣು ಅಂತಲೇ ಹೆಸರು. ಲೆಮನ್ ಕಾನೂನೂ ಇದೆ. ಆದರೆ ಅದು ಹೊಸ ಕಾರಿಗೆ. 'ಇದ್ದ ಹಾಗೆ' ಅಂತ ಸಹಿ ಹಾಕಿದವನಿಗೆ ಚಕ್ರದ ಕೆಳಗಿನ ನಿಂಬೆಹಣ್ಣೇ ಗತಿ. ವಕೀಲರೊಬ್ಬರು ಅವರ ಫೀಸ್ ಹೇಳಿದ ಮೇಲೆ ಆ ಆಸೆಯೂ ಬಿಟ್ಟೆ. ಕಳೆದ ವಾರ ಅದೇ ಷೋರೂಮಿನಿಂದ ಮೇಲ್ ಬಂತು: ನಿಮ್ಮ ಮಸ್ಟಾಂಗ್ ಮಾರುವ ಯೋಚನೆ ಇದ್ದರೆ ನಮ್ಮ ಮೂಲಕ ಮಾರಿ ಅಂತ. ಎಷ್ಟು ಧೈರ್ಯ ನೋಡಿ!

ಕೊಳ್ಳುವವರು ದಯವಿಟ್ಟು ಸ್ವಂತ ಕಣ್ಣಲ್ಲಿ ನೋಡಿ. ಆಗದಿದ್ದರೆ ಆ ಊರಿನ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಲಿಫ್ಟ್ ಮೇಲೆ ಹಾಕಿಸಿ. ಒಂದು ಅಯಸ್ಕಾಂತ ಬಟ್ಟೆಯಲ್ಲಿ ಸುತ್ತಿ ಬಾಡಿ ಮೇಲೆ ಇಟ್ಟು ನೋಡಿ, ಅಂಟದ ಕಡೆ ಪುಟ್ಟಿ ಮೆತ್ತಿರುತ್ತಾರೆ. ವೀಲ್ ಕ್ಯಾಪ್ ತೆಗೆದ ಫೋಟೋ ಕೇಳಿ. ಕೊಡಲ್ಲ ಅಂದರೆ ಅಲ್ಲಿಗೇ ಬಿಡಿ. "ಸಂಜೆ ಇನ್ನೊಬ್ಬರು ಬರ್ತಾರೆ" ಅಂದರೆ, ಬರಲಿ ಬಿಡಿ, ಅವರೇ ತಗೊಳ್ಳಲಿ.

ಯಾರಾದರೂ ಅರವತ್ತರ ದಶಕದ ಮಸ್ಟಾಂಗ್ ನೋಡುತ್ತಿದ್ದರೆ ನಂಬರಿನ ಮೊದಲ ಐದು ಅಕ್ಷರ ನನಗೆ ಕಳಿಸಿ. ಓದಿ ಹೇಳುತ್ತೇನೆ. ಈಗ ಅದೆಲ್ಲ ಬಾಯಿಪಾಠ.